ಎಡಗೈಗೆ ಒಂದು ಚೂರಿ

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ನಮ್ಮ ಮನೆಯಲ್ಲಿ ಜಗಳ ನಿಂತಿತು. ಕೇಳಿದವರು ಒಳ್ಳೆಯದೇ ಆಯಿತಲ್ಲ ಅನ್ನಬಹುದು. ನಮ್ಮ ಕೇರಿಯವರು ಹಾಗೆ ಅನ್ನಲಿಲ್ಲ. ನನ್ನ ಹೆತ್ತ ಆಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ, ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಸಾರಿಗೆ ಉಪ್ಪು ಹೆಚ್ಚಾದರೆ ಜಗಳ, ಕಡಿಮೆಯಾದರೆ ಜಗಳ. ನಾನು ಹೊನ್ನಾವರ ಪೇಟೆಯ ಹೊಲಿಗೆ ಅಂಗಡಿಗೆ ಹೊರಡುವುದು ತಡವಾದರೆ, ಅಪ್ಪ ಮಗಳದ್ದು ಇವತ್ತಿನದು ಇನ್ನೂ ಮುಗಿಯಲಿಲ್ಲವಾ ಎಂದು ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಚುಡಾಯಿಸುತ್ತಿದ್ದಳು. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ನಾನು ದನಿ ಎತ್ತುವುದನ್ನೇ ಬಿಟ್ಟೆ. ಅಪ್ಪ ಏನು ಅಂದರೂ ಆತು ಅಪ್ಪಾ, ಆತು ಅಪ್ಪಾ. ಹಣ್ಣು ಕೊಯ್ದು ಬಟ್ಟಲಲ್ಲಿ ಇಡುತ್ತಿದ್ದೆ, ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದೆ. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

ದೋಣಿಗೆ ಹೋಗುವುದನ್ನು ಬಿಟ್ಟ ಮೇಲೆ, ಲಕ್ವ ಹೊಡೆಯುವವರೆಗೂ, ಅಪ್ಪ ಶರಾವತಿಯ ಅಳಿವೆಯ ಹತ್ತಿರ ಬಲೆ ರಿಪೇರಿಯವರ ಚಪ್ಪರದಲ್ಲಿ ಕೂರುತ್ತಿದ್ದ. ಹರಿದ ಬಲೆಯನ್ನು ಹಾಗೇ ಹೆಣೆಯಲಿಕ್ಕಾಗುವುದಿಲ್ಲ. ಮೊದಲು ತೂತಿನ ಸುತ್ತಲಿನ ಹರಕು ಕಣ್ಣುಗಳನ್ನು ಗಂಟು ನೋಡಿ ನೋಡಿ ಕತ್ತರಿಸಿ ತೆಗೆಯಬೇಕು. ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿಕೊಂಡು ಚೂರಿ ಆಡಿಸುವುದು. ಹೆಣೆಯುವುದಕ್ಕೆ ಎರಡು ಕೈ ಬೇಕು. ಕತ್ತರಿಸುವುದಕ್ಕೆ ಒಂದು ಕೈ, ಒಂದು ಕಾಲು ಇದ್ದರೆ ನಡೆಯುತ್ತದೆ. ಅದಕ್ಕೇ ಚಪ್ಪರದವರು ಮನೆಗೆ ಬಂದು, ಕತ್ತರಿಸುವ ಕೆಲಸ ನಿನಗೇ ಇಟ್ಟಿದ್ದೇವೆ, ಬಾ ಎಂದು ಕರೆದು ಹೋಗಿದ್ದರು.

ಆದರೆ ಆ ಚಪ್ಪರಕ್ಕೆ ಚೂರಿ ಇಲ್ಲದೆ ಯಾರೂ ಹೋಗುವುದಿಲ್ಲ. ಅವರವರ ಚೂರಿ ಅವರವರಿಗೆ. ಮೇಲಾಗಿ ಚೂರಿಯನ್ನು ಕೈಯಿಂದ ಕೈಗೆ ಕೊಡುವುದು ನಮ್ಮಲ್ಲಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ಬರುತ್ತದೆ. ನೆಲದ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಾನು ತೊಟ್ಟಿಲಿಂದ ಇಳಿದಾಗಿನಿಂದ ನೋಡಿದ್ದು ಅದನ್ನೇ.

ಅಪ್ಪನದು ಕುಮಟೆಯ ಕಮ್ಮಾರನೊಬ್ಬ ಮಾಡಿಕೊಟ್ಟ ಮಡಚುವ ಚೂರಿ. ಮರದ ಹಿಡಿ, ಸದಾ ಉಡಿದಾರದಲ್ಲಿ. ಒಂದು ಕೈಯಲ್ಲಿ ಹಿಡಿ ಹಿಡಿದು ಇನ್ನೊಂದು ಕೈಯ ಉಗುರಿನಿಂದ ಅಲಗು ಎಳೆದರೆ ಮಾತ್ರ ಬಿಚ್ಚುತ್ತದೆ. ಒಂದು ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಾಗ ಅಪ್ಪ ಬೆಂಚಿನ ಮೇಲೆ ಕೂತು ಅದನ್ನು ಹಲ್ಲಿನಿಂದ ಎಳೆಯುತ್ತಿದ್ದ. ತುಟಿಯಲ್ಲಿ ರಕ್ತ. ಹಿಂದಿನ ನಾನಾಗಿದ್ದರೆ ಕೇರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಆವತ್ತು ಅವನು ಬೆಂಚಿನ ಮೇಲೆ ಹಾಕಿದ ಚೂರಿಯನ್ನು ಮೆಲ್ಲಗೆ ತೆಗೆದು ಮೇಲೆ ಮಾಡಿನ ಸಂದಿಯಲ್ಲಿಟ್ಟು ತುಟಿ ಒರೆಸಿದೆ, ಚಪ್ಪರದವರೇ ನಿನಗೊಂದು ಚೂರಿ ಬಿಚ್ಚಿ ಇಡುತ್ತಾರೆ ಬಿಡು ಎಂದೆ.

"ಚೂರಿ ಬಿಚ್ಚೂಕೆ ಬರದವ ಬಲೆ ಹತ್ರ ಕೂತು ಎಂತ ಮಾಡೂದು?" ಎಂದ ಅಪ್ಪ. ನಾಲಿಗೆ ಇನ್ನೂ ತೊದಲುತ್ತಿತ್ತು. ಆಮೇಲೆ ಗೋಡೆಯ ಕಡೆ ತಿರುಗಿಬಿಟ್ಟ. ಈ ಮನುಷ್ಯ ಇನ್ನು ಈ ಬೆಂಚಿನಿಂದ ಏಳುವುದಿಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಡಚದ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಲೂರಿ ನಡೆಯುವವ ಎಡವಿದರೆ ಅಲಗು ಹೊಟ್ಟೆಗೇ. ಒಂದೇ ಕೈಯಲ್ಲಿ ಬಿಚ್ಚುವ ಚೂರಿ ಎಲ್ಲಿದ್ದರೂ ಹುಡುಕಿ ತರುವುದೆಂದು ಅವತ್ತೇ ನಿಶ್ಚಯ ಮಾಡಿದೆ.

ಮೊದಲು ಹಳೆಯದನ್ನೇ ಹಿಡಿದುಕೊಂಡು ಕುಮಟೆಗೆ ಹೋದೆ. ಆ ಕಮ್ಮಾರ ಈಗಿಲ್ಲ, ಮಗ ಕೂತಿದ್ದ. ಕೀಲು ಸಡಿಲ ಮಾಡಿದರೆ ಕೊಡವಿದ ಕೂಡಲೇ ಬಿಚ್ಚುತ್ತದೆ, ಆದರೆ ಹಾಗೆಯೇ ಬೆರಳಿನ ಮೇಲೆ ಮಡಚಿಕೊಳ್ಳಲೂಬಹುದು ಎಂದ. ಇರುವುದೇ ಒಂದು ಕೈ, ಅದರ ಬೆರಳು ಕಳೆಯುವ ಉಸಾಬರಿ ಬೇಡವೆಂದು ವಾಪಸು ಬಂದೆ. ಹೊನ್ನಾವರದ ಅಂಗಡಿಗಳಲ್ಲಿ ಇದ್ದದ್ದು ಹಣ್ಣು ಕೊಯ್ಯುವ ಪ್ಲಾಸ್ಟಿಕ್ ಹಿಡಿಯವು. ಒಬ್ಬ ಮಹಾಶಯ, ಹೆಂಗಸರಿಗೆ ಇಂಥ ಚೂರಿ ಯಾತಕ್ಕೆ, ಯಾರ ಮೇಲೆ ಕಣ್ಣು ಎಂದು ಹಲ್ಲು ಕಿರಿದ. ಸದ್ಯಕ್ಕೆ ನಿನ್ನ ಮೇಲೇ ಎಂದು ಹೇಳಿ ಇಳಿದು ಬಂದೆ.

ಭಟ್ಕಳದ ಪೇಟೆಯಲ್ಲಿ ದುಬೈ ಸಾಮಾನು ಮಾರುವ ಅಂಗಡಿಗಳಿವೆ, ಅಲ್ಲಿ ನೋಡು ಎಂದಳು ನನ್ನ ಜೊತೆ ಹೊಲಿಯುವವಳು. ಹೋದೆ. ಅಂಗಡಿಯವರು ವಯಸ್ಸಾದ ಸಾಹೇಬರು. ಒಳಗಿದ್ದವರ ಹತ್ತಿರ ತಮ್ಮ ನವಾಯತಿ ಮಾತು, ನನ್ನ ಹತ್ತಿರ ಕನ್ನಡ. ಟಾರ್ಚು, ಬಾಟಲಿ ತೆಗೆಯುವುದು, ಕತ್ತರಿ, ಎಲ್ಲ ಇರುವ ಥಳಕಿನವನ್ನೆಲ್ಲ ಹರಡಿದರು. ಅಕ್ಕಿ, ಔಷಧಿ ಕಳೆದು ನನ್ನ ಹತ್ತಿರ ಉಳಿದ ದುಡ್ಡಿಗೆ ಅವು ಯಾವುವೂ ಬರುವಂತಿರಲಿಲ್ಲ. ಕಡಿಮೆಯದರಲ್ಲಿ ಒಂದಕ್ಕೆ ಅಲಗಿನ ಬುಡದಲ್ಲಿ ಗುಂಡಿಯಂಥ ಸಣ್ಣ ಗುಬ್ಬಿ ಇತ್ತು. ಹೆಬ್ಬೆರಳಿನಿಂದ ಅದನ್ನು ನೂಕಿದರೆ ಟಕ್ಕೆಂದು ಬಿಚ್ಚಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಅಂಗಡಿಯಲ್ಲೇ ಹತ್ತಾರು ಸಲ ಬಿಚ್ಚಿ ಮಡಚಿ ನೋಡಿದೆ. ಬಸ್ಸಿನಲ್ಲಿ ಕೂತು ಬರುವಾಗ ಎಷ್ಟು ಖುಷಿಯಾಗಿತ್ತೆಂದರೆ, ಕಂಡಕ್ಟರನಿಗೂ ಹೇಳಿಬಿಡುತ್ತಿದ್ದೆನೇನೋ.

ಬೆಂಚಿನ ಮೇಲೆ ಅಪ್ಪನ ಪಕ್ಕದಲ್ಲಿ ಇಟ್ಟೆ. ಎಡಗೈಯಲ್ಲಿ ಎತ್ತಿಕೊಂಡ. ಅವನ ಹೆಬ್ಬೆರಳು ಅಲಗಿನ ಮೇಲೆ ಅತ್ತಿತ್ತ ಜಾರಿತು, ಏನೂ ಸಿಗಲಿಲ್ಲ. ಗುಬ್ಬಿ ಇದ್ದದ್ದು ಒಂದೇ ಮಗ್ಗುಲಿಗೆ, ಬಲಗೈಯವರ ಹೆಬ್ಬೆರಳು ಕೂರುವ ಕಡೆ. ನಾನು ಅಂಗಡಿಯಲ್ಲಿ ಬಿಚ್ಚಿ ನೋಡಿದ್ದೆಲ್ಲ ಬಲಗೈಯಲ್ಲಿ. ಅಯ್ಯೋ ನನ್ನ ಬುದ್ಧಿಗಿಷ್ಟು! ದಿನವಿಡೀ ಕತ್ತರಿ ಹಿಡಿಯುವವಳು, ಬಲಗೈಯ ಕತ್ತರಿ ಎಡಗೈಗೆ ಒಗ್ಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದವಳು. ಅಪ್ಪ ಬೈದಿದ್ದರೆ ಹಗುರಾಗುತ್ತಿತ್ತು. ಅವನು ಚೂರಿ ಕೆಳಗಿಟ್ಟು, ಚಲೋ ಉಂಟು, ನೀನೇ ಇಟ್ಟುಕೋ ಎಂದ. ನಾನು ಅಡುಗೆ ಮನೆಗೆ ಹೋಗಿ ಅತ್ತೆ.

ಮರುವಾರ ಅದನ್ನು ಹಿಡಿದುಕೊಂಡು ಮತ್ತೆ ಭಟ್ಕಳ. ಬದಲಾಯಿಸಿ ಕೊಡುತ್ತಾರೆಂಬ ನಂಬಿಕೆ ಇರಲಿಲ್ಲ, ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೆ ಸಂಗತಿ ಕೇಳಿದ ಸಾಹೇಬರು ಚೂರಿಗಳನ್ನೆಲ್ಲ ಮತ್ತೆ ಹರಡಿದರು. ತಮ್ಮ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಂದೊಂದೇ ಚೂರಿಯನ್ನು ಎಡಗೈಯಲ್ಲಿ ಬಿಚ್ಚಿ ನೋಡುತ್ತ ಹೋದರು. ನಾನೂ ಹಾಗೇ ಮಾಡಿದೆ. ಗಿರಾಕಿಗಳು ನಮ್ಮಿಬ್ಬರನ್ನು ನೋಡುತ್ತ ನಿಂತರು. ಕೊನೆಗೆ ಡಬ್ಬಿಯೂ ಇಲ್ಲದ ಹಳೆಯ ಮಾಲಿನಲ್ಲಿ ಒಂದು ಸಿಕ್ಕಿತು. ಅಲಗಿಗೆ ಈಚೆಯಿಂದ ಆಚೆಗೆ ಆರಪಾರ ಒಂದು ತೂತು, ಯಾವ ಕೈಯ ಹೆಬ್ಬೆರಳಾದರೂ ಕೂರುತ್ತದೆ. ಅಲಗು ತಾನಾಗಿ ಮಡಚದಂತೆ ತಡೆಯುವ ಬೀಗದ ಗುಂಡಿ ಹಿಡಿಯ ಬೆನ್ನಿನ ಮೇಲೆ. ಅದನ್ನು ಒತ್ತಿ ಅಲಗಿನ ಬೆನ್ನನ್ನು ತೊಡೆಗೆ ಆನಿಸಿ ನೂಕಿದರೆ ಮಡಚಿಕೊಳ್ಳುತ್ತದೆ. ನಮ್ಮ ಉಪ್ಪು ಗಾಳಿಗೆ ತುಕ್ಕು ಹಿಡಿಯದ ಚೂರಿ ಈ ಬೆಲೆಗೆ ಎಲ್ಲೂ ಇಲ್ಲ, ಒರೆಸಿ ತೆಂಗಿನೆಣ್ಣೆ ಸವರಿ ಎಂದು ಹೇಳಿ, ನಾನು ವಾಪಸು ತಂದದ್ದನ್ನು ಇಟ್ಟುಕೊಂಡು ಇದನ್ನು ಕೊಟ್ಟರು.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ನಾನು ರೂಢಿಯಂತೆ ಚೂರಿಯನ್ನು ಅವನೆದುರು ನೆಲದ ಮೇಲೆ ಇಟ್ಟೆ. ಇಟ್ಟು ದೂರ ಸರಿದು ನಿಂತೆ. ಅಪ್ಪ ಚೂರಿಯನ್ನು ನೋಡಿದ, ನನ್ನನ್ನು ನೋಡಿದ. ಬಗ್ಗಲು ಹೋದ. ಕುರ್ಚಿ ವಾಲಿತು. ಓಡಿ ಹೋಗಿ ಹಿಡಿದುಕೊಂಡೆ. ಬಲಗೈ ಬಿದ್ದು, ಬಲಗಾಲನ್ನೂ ಎಳೆದು ನಡೆಯುವ ಮನುಷ್ಯ ನೆಲದಿಂದ ಏನನ್ನು ತಾನೇ ಎತ್ತಿಕೊಂಡಾನು?

"ಕೈಗೇ ಕೊಡು," ಎಂದ.

ನನ್ನ ಕೈ ಮುಂದೆ ಹೋಗಲಿಲ್ಲ. "ಬೇಡ ಅಪ್ಪಾ, ಜಗಳ ಬರ್ತದೆ," ಎಂದೆ.

"ಬರ್ಲಿ." ಎಡಗೈ ಚಾಚಿಯೇ ಇದ್ದ. "ನಂಗೆ ಹೀಂಗಾದ ಮೇಲೆ ನೀ ನನ್ನ ಸಂಗ್ತಿಗೆ ಒಂದಾದ್ರೂ ಜಗಳ ಆಡಿದ್ಯ? ನಾ ಸತ್ತೋದೆ ಅಂದ್ಕಂಡ್ಯ ನೀನು?"

ನಾನು ಇಷ್ಟು ದಿನ ಅವನ ಮೇಲೆ ತೋರಿಸಿದ್ದು ಪ್ರೀತಿ ಎಂದೇ ತಿಳಿದಿದ್ದೆ. ಚೂರಿಯನ್ನು ನೆಲದಿಂದ ಎತ್ತಿ ಅವನ ಅಂಗೈಯಲ್ಲಿಟ್ಟೆ. ಹೆಬ್ಬೆರಳು ತೂತನ್ನು ಹುಡುಕಿಕೊಂಡಿತು. ಮೊದಲ ಸಲ ಜಾರಿತು, ಎರಡನೆಯ ಸಲ ಅರ್ಧ ಬಿಚ್ಚಿತು, ಆಮೇಲೆ ಟಕ್ಕೆಂದಿತು. ಅಪ್ಪ ಅಲಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

ಮಾರನೆಯ ಬೆಳಿಗ್ಗೆ ನಾನು ಬಚ್ಚಲಿನಿಂದ ಬರುವಷ್ಟರಲ್ಲಿ ಕುರ್ಚಿ ಖಾಲಿ. ಕೋಲೂ ಇಲ್ಲ. ಒದ್ದೆ ತಲೆಯಲ್ಲೇ ಚಪ್ಪರದವರೆಗೆ ಓಡಿದೆ. ಅಪ್ಪ ಒಂದು ಹಲಗೆಯ ಮೇಲೆ ಕೂತು, ಎಡಗಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಕತ್ತರಿಸುತ್ತಿದ್ದ. ನನಗೆ ಎಲ್ಲಿತ್ತೋ ಆ ಸಿಟ್ಟು. ಹೇಳದೆ ಕೇಳದೆ ಒಬ್ಬನೇ ಬಂದದ್ದಕ್ಕೆ, ದಾರಿಯಲ್ಲಿ ಬಿದ್ದಿದ್ದರೆ ಗತಿಯೇನೆಂದು, ಮಾತ್ರೆ ನುಂಗದೆ ಬಂದದ್ದಕ್ಕೆ, ಎಲ್ಲರೆದುರೇ ಕೂಗಾಡಿದೆ. ಅಪ್ಪ ಚೂರಿ ತೊಡೆಗೆ ಒತ್ತಿ ಮಡಚಿ, ತೊದಲುತ್ತಲೇ ನನಗಿಂತ ಜೋರಾಗಿ ಕೂಗಿದ. ಸುತ್ತ ಕೂತವರು ಮೊದಲಿನ ಹಾಗೆಯೇ ಏನೂ ಕೇಳಿಸದವರಂತೆ ಬಲೆಯಲ್ಲಿ ಮುಖ ಹುದುಗಿಸಿದರು. ನಾನು ಅಳುತ್ತಿದ್ದುದು ಅವರಿಗೆಲ್ಲ ಕಂಡಿತು.

ಅವತ್ತು ರಾತ್ರಿ ಉಣ್ಣುವಾಗ, ಸಾರಿಗೆ ಉಪ್ಪು ಹೆಚ್ಚು ಎಂದು ಅಪ್ಪ ತಟ್ಟೆ ದೂಡಿದ. ಬೇಕಾದರೆ ಉಣ್ಣು, ಬೇಡವಾದರೆ ಬಿಡು ಎಂದೆ ನಾನು. ಮುಳ್ಳು ಬಿಡಿಸಿ ಕೊಡಲಿಲ್ಲ.