ಪಡಸಾಲೆಯ ಮೀನು ಸಮಾಧಿಯಾದದ್ದು

ದೀಪ ಹಚ್ಚುವ ಹೊತ್ತಿಗೆ ಗಾಜಿನ ತೊಟ್ಟಿಯಲ್ಲಿದ್ದ ಹಸಿರು ಮೀನು ಮರಳಿನೊಳಗೆ ನುಗ್ಗಿ ಮಾಯವಾಯಿತು. ಎಪ್ಪತ್ತರ ದಶಕದ ರಾಮದುರ್ಗ. ನಮ್ಮ ಕಾಕಾ ಕಾರವಾರದಿಂದ ರ‍್ಯಾಸ್ ಎಂಬ ಆ ಸಮುದ್ರದ ಮೀನು, ಹವಳದ ಕಲ್ಲು, ಡ್ರಮ್ಮಿನಲ್ಲಿ ಸಮುದ್ರದ ನೀರು ತಂದು ಪಡಸಾಲೆಯಲ್ಲಿಟ್ಟಿದ್ದರು. ನೋಡಲು ಓಣಿಯೇ ನೆರೆದಿತ್ತು.

"ಸಜೀವ ಸಮಾಧಿ ತಗೊಂಡದ! ಯಾರೂ ಕೈ ಹಚ್ಚಬ್ಯಾಡ್ರಿ" ಎಂದರು ಪಕ್ಕದ ಮನೆಯ ಆಚಾರ್ಯರು.

ಈ ಮೀನು ಮರಳಲ್ಲೇ ಮಲಗುತ್ತದೆಂದು ಕಾರವಾರದ ಬೆಸ್ತರು ಕಾಕಾಗೆ ಹೇಳಿಯೇ ಕಳಿಸಿದ್ದರು. ಆದರೆ ತಾನಾಗಿ ಮನೆಗೆ ಬಂದ ಮರ್ಯಾದೆ ಬಿಡಲಾಗದೆ ಕಾಕಾನೂ ಕೈಮುಗಿದರು. ತೊಟ್ಟಿಗೆ ಹೂವು, ಅರಿಷಿಣ, ಕುಂಕುಮ ಬಿದ್ದವು. ಬೆಳಿಗ್ಗೆ ಕೆಂಪು ನೀರಿನಲ್ಲಿ ಮೀನು ಮೇಲೆದ್ದಾಗ ಆಚಾರ್ಯರು ಒಂದಿಷ್ಟೂ ಅಳುಕದೆ, "ದರ್ಶನ ಕೊಡಲಿಕ್ಕೆ ಎದ್ದು ಬಂದದ" ಎಂದು ಕಾಯಿ ಒಡೆಸಿದರು. ಕಾಯಿಯ ನೀರೂ ತೊಟ್ಟಿಗೇ ಹೋಯಿತು.

ಮರುದಿನ ಮೀನು ನಿಜವಾಗಿಯೇ ಸತ್ತು ತೇಲಿತು. ಕಾಕಾ ಕಣ್ಣೊರೆಸಿಕೊಂಡು ಆಚಾರ್ಯರನ್ನು ಕರೆದರು. ಅವರು ಹೊಸ್ತಿಲಾಚೆಯೇ ನಿಂತು, ಧೋತರದ ಚುಂಗನ್ನು ಮೂಗಿಗೆ ಹಿಡಿದು ಅಂದರು: "ಥೂ, ಸತ್ತ ಮೀನು! ಮನಿಯೆಲ್ಲಾ ಮೈಲಿಗಿ ಆಗ್ತದ, ಮೊದಲ ಹೊರಗ ಒಗೀರಿ."

ಅಂದಿನಿಂದ ಮಧ್ಯಾಹ್ನ ಅಡ್ಡಾಗುವ ಮುಂಚೆ ಮನೆಯವರಿಗೆ ತಪ್ಪದೆ ಹೇಳುತ್ತೇನೆ: "ಬರೇ ಮಲಗಲಿಕ್ಕೆ ಹೊಂಟೇನಿ, ಹೂವು ತರಬ್ಯಾಡ್ರಿ."