ರೈಲು ಬಂದರೆ ಕೂರುವ ಮಾಸ್ಟ್ರಮ್ಮ

ಇರುಳು ಇನ್ನೂ ಪೂರ್ತಿ ಕರಗಿಲ್ಲ. ಆ ನಿಶ್ಶಬ್ದದಲ್ಲಿ ಮೊದಲು ಕೇಳಿಸುವುದು ಬಕೆಟ್ಟಿನ ಹಿಡಿ ಅಂಚಿಗೆ ತಾಗುವ ‘ಟಣ್’ ಎಂಬ ಸಣ್ಣ ಸದ್ದು. ಆಮೇಲೆ ಪೊರಕೆಯ ಸರಬರ. ಒಂದು ಬೆಂಚು, ತಗಡಿನ ಸೂರು, ಎರಡು ದೀಪದ ಕಂಬ, ಒಂದು ನಲ್ಲಿ, ನಿಲ್ದಾಣವೆಂದರೆ ಇಷ್ಟೇ. ಟಿಕೆಟ್ಟಿನ ಕಿಟಕಿಯಿಲ್ಲ, ಬಾವುಟ ಹಿಡಿಯುವವರಿಲ್ಲ. ಗುತ್ತಿಗೆದಾರರ ಕಡೆಯಿಂದ ಗುಡಿಸಿ ಒರೆಸಲು ಬರುವ ಈ ಹೆಂಗಸೊಬ್ಬರನ್ನು ಬಿಟ್ಟರೆ ಇಲ್ಲಿ ಕೆಲಸದವರೇ ಇಲ್ಲ. ಅದಕ್ಕೇ ಸ್ಟೇಷನ್ ಮಾಸ್ಟರೂ ಇವರೇ ಎಂಬಂತೆ ಸುತ್ತಲಿನವರು ಇವರನ್ನು ಮಾಸ್ಟ್ರಮ್ಮ ಎನ್ನುತ್ತಾರೆ.

“ಮೊದಮೊದ್ಲು ಗೇಲಿಗೆ ಕರೀತಿದ್ರು ಮೇಡಂ. ಈಗ ರೈಲು ತಡವಾದ್ರೆ ನನ್ನನ್ನೇ ಬೈತಾರೆ. ಅಂದ್ಮೇಲೆ ನಿಜವಾಗ್ಲೂ ಮಾಸ್ಟ್ರೇ ಆದೆ, ಅಲ್ವಾ?”

ಇಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ. ಹತ್ತುವವರು ಪ್ಲಾಟ್‌ಫಾರಂ ಅಂಚಿನ ಹಳದಿ ಗೆರೆಯ ಬಳಿ ನಿಂತು ಕೈಯೆತ್ತಬೇಕು. ಚಾಲಕನಿಗೆ ಅದು ಕಂಡರೆ ನಿಲ್ಲಿಸುತ್ತಾನೆ. ಟಿಕೆಟ್ ಕೊಡುವವನು ಗಾಡಿಯೊಳಗಿನ ಗಾರ್ಡ್. ಹೀಗಾಗಿ ಮಾಸ್ಟ್ರಮ್ಮನಿಗೆ ಒಂದು ವಿಚಿತ್ರ ಅಭ್ಯಾಸ: ರೈಲು ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಇವರು ಪೊರಕೆ ಮಲಗಿಸಿ ಕುಕ್ಕರಗಾಲಲ್ಲಿ ಕೂರುತ್ತಾರೆ.

ಅದರ ಹಿಂದೊಂದು ಪೆಟ್ಟಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರ ಹೆಸರಿನ ಎತ್ತರದ ಫಲಕವನ್ನು ಕೈ ಚಾಚಿ ಒರೆಸುತ್ತಿದ್ದರು. ಚಾಲಕ ಅದನ್ನೇ ಕರೆಯೆಂದು ತಿಳಿದು ಗಾಡಿ ನಿಲ್ಲಿಸಿದ. ಹತ್ತುವವರು ಯಾರೂ ಇಲ್ಲ. ಮೇಲ್ವಿಚಾರಕ ಬಂದು, ಇನ್ನೊಮ್ಮೆ ಸುಮ್ಮನೆ ರೈಲು ನಿಂತರೆ ಕೆಲಸದ ಆಸೆ ಬಿಡಿ ಎಂದು ಹೇಳಿಹೋದ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಗಂಡನ ಮಾತು. ಅವರು ಹಳಿ ರಿಪೇರಿ ಕೆಲಸದಲ್ಲಿದ್ದು ನಿವೃತ್ತರಾದವರು. “ರೈಲಿಗೆ ಸುಳ್ಳು ಹೇಳಬಾರ್ದು ಕಣೇ ಅಂದ್ರು. ಅಷ್ಟೇ ಅಂದಿದ್ದು. ಎರಡು ದಿನ ಅನ್ನ ಸೇರ್ಲಿಲ್ಲ ನಂಗೆ.”

ಈ ಕೆಲಸದ ಸಂಬಳದಲ್ಲೇ ಮಗಳ ಓದು ಮುಗಿದಿದೆ, ಮನೆಯ ಸೂರು ಸೋರುವುದು ನಿಂತಿದೆ. ಮಂಡಿ ಮಾತ್ರ ಸವೆದಿದೆ. “ಕೂತೂ ಎದ್ದೂ ಕೂತೂ ಎದ್ದೂ... ರೈಲಿಗೆ ನನ್ನಷ್ಟು ಮರ್ಯಾದೆ ಕೊಟ್ಟವರು ಯಾರೂ ಇಲ್ಲ ಬಿಡಿ,” ಎಂದು ನಗುತ್ತಾರೆ.

ಪತ್ರಿಕೆಗೆ ಇವರ ಬಗ್ಗೆ ಬರೆಯಲೆಂದು ನಾನು ಹೋದ ದಿನ ಬೆಳಗಿನ ಗಾಡಿಗೆ ಯಾರೂ ಬಂದಿಲ್ಲ. ದಿನವೂ ಬರುವವಳು ಒಬ್ಬಳೇ: ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೊಸದಾಗಿ ಸೇರಿದ ಪಕ್ಕದ ಬೀದಿಯ ಹುಡುಗಿ. ಕೆಲಸ ಇನ್ನೂ ಖಾಯಂ ಆಗಿಲ್ಲ. ಇನ್ನೊಮ್ಮೆ ತಡವಾದರೆ ಬರುವುದೇ ಬೇಡ ಎಂದಿದ್ದಾರಂತೆ. ಮುಂದಿನ ಗಾಡಿ ಮಧ್ಯಾಹ್ನಕ್ಕೆ.

ತಿರುವಿನಲ್ಲಿ ರೈಲಿನ ದೀಪ ಕಾಣುತ್ತದೆ. ಮಾಸ್ಟ್ರಮ್ಮ ಪೊರಕೆ ಮಲಗಿಸಿ ಇನ್ನೇನು ಕೂರಬೇಕು. ಅಷ್ಟರಲ್ಲಿ ನೀರಿನ ಟ್ಯಾಂಕಿನ ಹಿಂದಿನ ಕಾಲುದಾರಿಯಲ್ಲಿ ಹುಡುಗಿ ಓಡಿಬರುತ್ತಿರುವುದು ನಮಗಿಬ್ಬರಿಗೂ ಕಾಣುತ್ತದೆ. ಟ್ಯಾಂಕ್ ಅಡ್ಡವಿರುವುದರಿಂದ ಚಾಲಕನಿಗೆ ಅವಳು ಕಾಣುವಂತಿಲ್ಲ. ಏನು ಮಾಡಬೇಕೆಂದು ನಾನು ಯೋಚಿಸುವುದರೊಳಗೆ ಮಾಸ್ಟ್ರಮ್ಮ ಪೊರಕೆಯನ್ನು ನನ್ನ ಕೈಗೆ ತುರುಕುತ್ತಾರೆ. “ನೀವು ಕೂತ್ಕೊಳ್ಳಿ!” ಎಂದು ಗದರಿ, ಹಳದಿ ಗೆರೆಯ ಬಳಿ ನಿಂತು ಕೈಯೆತ್ತುತ್ತಾರೆ.

ರೈಲು ಕಿರುಗುಟ್ಟಿ ನಿಲ್ಲುತ್ತದೆ. ಚಾಲಕ ತಲೆ ಹೊರಗೆ ಹಾಕುತ್ತಾನೆ.

“ಏನ್ ಮಾಸ್ಟ್ರಮ್ಮಾ, ಹತ್ತೋರು ಯಾರು?”

“ನಾನೇ.”

“ನೀವಾ? ಎಲ್ಲಿಗೆ?”

“ಮುಂದಿನ ಸ್ಟೇಷನ್‌ಗೆ. ಯಾಕಪ್ಪಾ, ನಾನು ಊರು ನೋಡ್ಬಾರ್ದಾ?”

ಒಂದು ಕಾಲನ್ನು ಮೆಟ್ಟಿಲ ಮೇಲಿಡುತ್ತಾರೆ. ಇನ್ನೊಂದು ಕೆಳಗೇ ಉಳಿಯುತ್ತದೆ. ಬಾಗಿಲಲ್ಲಿ ನಿಂತ ಗಾರ್ಡ್, “ಬೇಗ ಹತ್ತಮ್ಮಾ” ಎಂದರೆ, “ಹತ್ತುತ್ತಿದ್ದೀನಲ್ಲಪ್ಪಾ, ಮಂಡಿ ಮಾತು ಕೇಳ್ಬೇಕಲ್ಲ,” ಎನ್ನುತ್ತಾರೆ. ಎರಡನೆಯ ಕಾಲು ಮೇಲೇರುವ ಹೊತ್ತಿಗೆ ಹುಡುಗಿ ಏದುಸಿರು ಬಿಡುತ್ತಾ ಕೊನೆಯ ಡಬ್ಬಿಗೆ ಹತ್ತಿಕೊಂಡಾಗಿದೆ. ಮುಂದಿನ ಡಬ್ಬಿಯಲ್ಲಿ ಯಾರು ಹತ್ತಿದರೆಂದು ಅವಳು ನೋಡಿಯೂ ಇಲ್ಲ.

ರೈಲು ಹೊರಟುಹೋಗುತ್ತದೆ. ಪೊರಕೆ ಹಿಡಿದು ನಾನು ಕೂತೇ ಇದ್ದೇನೆ.

ಬಿಸಿಲೇರಿದ ಮೇಲೆ ಬ್ರೆಡ್ಡಿನ ವ್ಯಾನೊಂದು ಅವರನ್ನು ಇಳಿಸಿ ಹೋಗುತ್ತದೆ. ಮುಖ ಅರಳಿದೆ. “ನಮ್ಮ ಸ್ಟೇಷನ್ನನ್ನ ರೈಲಿನ ಕಿಟಕಿಯಿಂದ ನೋಡಿದ್ದು ಇದೇ ಮೊದ್ಲು ಮೇಡಂ. ಚೆನ್ನಾಗಿದೆ ರೀ! ಥಳಥಳ ಅನ್ನುತ್ತೆ. ಬೆಂಚಿನ ಕೆಳಗೆ ಮಾತ್ರ ಒಂದು ಕಾಗದ ಉಳಿದಿತ್ತು.” ಎಂದವರೇ ಬಗ್ಗಿ ಅದನ್ನು ಹೆಕ್ಕುತ್ತಾರೆ.

“ಆ ಹುಡುಗಿಗೆ ಹೇಳ್ತೀರಾ?” ಎಂದು ಕೇಳುತ್ತೇನೆ.

“ಅಯ್ಯೋ, ಹೇಳಿದ್ರೆ ನಾಳೆಯಿಂದ ದಿನಾ ತಡವಾಗೇ ಬರ್ತಾಳೆ! ನೀವೂ ಅವಳ ಕೆಲಸ ಖಾಯಂ ಆದ್ಮೇಲೇ ಬರೀರಿ.” ನಾನು ಒಪ್ಪಿ ಅಷ್ಟು ದಿನ ಕಾದೆ, ಈಗ ಬರೆಯುತ್ತಿದ್ದೇನೆ.

ಹಳಿಯ ಆಚೆಗೇ ಮನೆ. ಅಂಗಳದಲ್ಲಿ ಅವರ ಗಂಡ ದಿನಪತ್ರಿಕೆಯ ಪದಬಂಧ ಬಿಡಿಸುತ್ತಾ ಕೂತಿದ್ದಾರೆ. “ಅದೊಂದು ಬಿಟ್ರೆ ಬೇರೆ ಪುಟ ತೆಗೆಯಲ್ಲ ನಮ್ಮನೆಯವ್ರು, ಹೆದರ್ಬೇಡಿ,” ಎಂದು ಮಾಸ್ಟ್ರಮ್ಮ ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ.

“ಎಲ್ಲೇ ಹೋಗಿದ್ದೆ ಇಷ್ಟು ಹೊತ್ತು?” ಅವರು ಕನ್ನಡಕದ ಮೇಲಿಂದ ನೋಡುತ್ತಾರೆ. “ಬೆಳಗಿನ ಗಾಡಿ ಬಹಳ ಹೊತ್ತು ನಿಂತ ಹಾಗಿತ್ತಲ್ಲ. ಯಾರು ಹತ್ತಿದ್ರು?”

ಮಾಸ್ಟ್ರಮ್ಮ ಚಪ್ಪಲಿ ಬಿಡುತ್ತಾರೆ. ಹೇಳಿಬಿಡಬಹುದು. ಜೇಬಿನಲ್ಲಿ ಟಿಕೆಟ್ಟೂ ಇದೆ.

“ಇಬ್ರು ಹತ್ತಿದ್ರು,” ಎನ್ನುತ್ತಾರೆ. “ಅದ್ರಲ್ಲಿ ಒಬ್ಬರಿಗೆ ಮಂಡಿನೋವು, ಪಾಪ,” ಎಂದು ಹೇಳಿ ಟೀಗಿಡಲು ಒಳಗೆ ಹೋಗುತ್ತಾರೆ.