ಬಿಸಿಲು ಬೀಳದೆ ಅಂಜಿನಮ್ಮ ಇಳಿಯುವುದಿಲ್ಲ

ಬೆಳಿಗ್ಗೆ ಆರೂಕಾಲು. ಪೀಣ್ಯದ ಶೆಡ್ಡುಗಳ ಹಿಂದಿರುವ ಕೆರೆಯಲ್ಲಿ ನೀರೊಂದು ಬಿಟ್ಟು ಎಲ್ಲ ಕಾಣುತ್ತದೆ. ದಡದಿಂದ ದಡಕ್ಕೆ ಅಂತರಗಂಗೆ ಗಿಡ, ಅದರ ನಡುವೆ ಸಿಕ್ಕಿಕೊಂಡ ಒಂದು ಕಬ್ಬಿಣದ ದೋಣಿ. ದೋಣಿಯ ಮೇಲೆ ಗೋಣಿಚೀಲ ಹೊದ್ದು ಕುಳಿತ ಅಂಜಿನಮ್ಮ ಪೂರ್ವದ ಕಡೆ ನೋಡುತ್ತಿದ್ದಾರೆ. ಆಷಾಢದ ಮೋಡ ಜಗ್ಗುವ ಹಾಗಿಲ್ಲ.

ದಡದಲ್ಲಿ ಸೂಪರ್‌ವೈಸರ್ ಹನುಮಂತರಾಯಪ್ಪ. ಅವರ ಮಾತು ಚಳಿಗೆ ಸಿಕ್ಕ ಲಾರಿಯ ಹಾಗೆ, ನಾಲ್ಕು ಸಲ ಕೆಮ್ಮಿದ ಮೇಲೆಯೇ ಸ್ಟಾರ್ಟಾಗುವುದು.

"ಹ್ಞ... ಹ್ಞ... ಹ್ಞ... ಹ್ಞಾ, ಏನಮ್ಮಾ, ಇಳಿಯಲ್ವಾ? ಪಂಪ್‌ಹೌಸ್‌ನೋರು ಬೈತಾವ್ರೆ."

"ಫ್ಯಾನು ತಿರುಗ್ತಿಲ್ಲ ಸಾರ್."

"ಫ್ಯಾನಿಲ್ದೆ ಕೆಲಸ ಮಾಡಲ್ಲ ಅನ್ನಕ್ಕೆ ನೀನೇನು ಮ್ಯಾನೇಜರಾ?"

"ಮ್ಯಾನೇಜರಾಗಿದ್ರೆ ನಿಮ್ಮನ್ನ ಇಳಿಸ್ಬುಟ್ಟು ನಾನು ಮ್ಯಾಲೆ ಕುಂತಿರ್ತಿದ್ದೆ ಸಾರ್."

ಈ ಕೆರೆಯ ನೀರನ್ನು ಸುತ್ತಲಿನ ಕಾರ್ಖಾನೆಗಳು ಕುಡಿಯುತ್ತವೆ. ಅಂತರಗಂಗೆ ಪಂಪಿನ ಬಾಯಿಗೆ ಸಿಕ್ಕದಂತೆ ದಿನವೂ ಕಿತ್ತು ದೋಣಿಗೆ ತುಂಬಬೇಕು. ದೋಣಿ ತೇಲುವುದು ಅದರ ಹೊಟ್ಟೆಯಲ್ಲಿರುವ ನಾಲ್ಕು ಮುಚ್ಚಿದ ಕೋಣೆಗಳ ಬಲದಿಂದ. ಕಬ್ಬಿಣಕ್ಕೆ ವಯಸ್ಸಾಗಿದೆ, ಅವುಗಳಲ್ಲೊಂದಕ್ಕೆ ರಾತ್ರಿಯೆಲ್ಲ ನೀರು ಜಿನುಗುತ್ತದೆ. ಒಬ್ಬರು ಮೈ ಹಿಂಡಿಕೊಂಡು ಇಳಿಯುವಷ್ಟೇ ಅಗಲದ ತೂತಿನಿಂದ ಕೆಳಗೆ ಹೋಗಿ ಅದನ್ನು ಡಬ್ಬದಲ್ಲಿ ಮೊಗೆಯಬೇಕು. ಒಳಗಿರುವುದು ಕೊಳೆತ ಗಿಡದ ರಸ, ತುಕ್ಕು, ಕತ್ತಲೆ ಮತ್ತು ಉಸಿರಿಗೆ ಆಗದ ಗಾಳಿ. ಇದು ಗಾಳಿಮಾತಲ್ಲ. ಈ ಗಾಳಿ ಅಂಜಿನಮ್ಮನ ಗಂಡ ಮುನಿಯಣ್ಣನನ್ನು ಕೊಂದಿದೆ.

ಮುನಿಯಣ್ಣ ಬಾವಿಗಳ ಹೂಳು ತೆಗೆಯುವ ಕಸುಬಿನವರು. ಹಾಳುಬಾವಿಗೆ ಇಳಿಯುವ ಮುಂಚೆ ಹಗ್ಗದಲ್ಲಿ ದೀಪ ಬಿಡುತ್ತಿದ್ದರು. ದೀಪ ಆರಿದರೆ ಬೇವಿನ ಕೊಂಬೆ ಇಳಿಬಿಟ್ಟು, ಮೇಲೆ ಕೆಳಗೆ ಜಗ್ಗಿ ಗಾಳಿ ಕಲಕುತ್ತಿದ್ದರು. ಇಪ್ಪತ್ತು ವರ್ಷ ಒಂದು ದಿನವೂ ತಪ್ಪಿಸಿದವರಲ್ಲ.

"ದೋಣಿಗೆ ಮಾತ್ರ ದೀಪ ಬಿಡ್ಲಿಲ್ಲ," ಎನ್ನುತ್ತಾರೆ ಅಂಜಿನಮ್ಮ. "ಬಾವಿ ಅಂದ್ರೆ ನೆಲದ್ ಒಳಗಿರ್ತದೆ, ಇದು ನೀರಿನ್ ಮ್ಯಾಲೆ ತೇಲ್ತಾ ಐತೆ, ಸುತ್ತ ಬಯಲು. ಇದ್ರಾಗೆ ಎಂಗೆ ಕೆಟ್ಟ ಗಾಳಿ ಬತ್ತದೆ ಅಂದ್ಕಂಡ. ನಾನೂ ಅಂಗೇ ಅಂದ್ಕಂಡೆ. ಇಳಿದೋನು ಕೂಗಿದ್ರೆ ಓಗುಡಲಿಲ್ಲ. ನಾನೂ ಇಳಿಯಕ್ಕೋದೆ, ಜೊತೆಗಿದ್ದೋರು ಜಡೆ ಹಿಡ್ದು ಎಳೆದಾಕಿದ್ರು. ಅದಕ್ಕೇ ಉಳ್ಕಂಡಿವ್ನಿ."

ಅದು ೧೯೮೧, ಮೂರು ವರ್ಷದ ಹಿಂದೆ. ಅಂದು ಹಗ್ಗ ಹಿಡಿದು ಓಡಿಬಂದು ಹೆಣ ಎತ್ತಿದವರಲ್ಲಿ ಪಕ್ಕದ ಶೆಡ್ಡಿನ ದ್ವಾರಕಾನಾಥ ಒಬ್ಬರು. ಬಿಸಿಲಿನಿಂದ ಕರೆಂಟು ತೆಗೆಯುವ ಪ್ಲೇಟುಗಳನ್ನು ಜೋಡಿಸುವುದು ಅವರ ಕೆಲಸ. ತಿಥಿ ಕಳೆದ ಮೇಲೆ ಮೂಲೆ ಸೀಳಿದ ಒಂದು ಪ್ಲೇಟು, ಹಳೇ ಮೆಷಿನ್ನಿನಿಂದ ಕಳಚಿದ ಅಂಗೈಯಗಲದ ಫ್ಯಾನು, ಒಂದು ತಗಡಿನ ಕೊಳವೆ ತಂದು ದೋಣಿಗೆ ಕಟ್ಟಿದರು. ಬಿಸಿಲು ಬಿದ್ದರೆ ಫ್ಯಾನು ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ತಳಕ್ಕೆ ತಳ್ಳುತ್ತದೆ, ಒಳಗಿನದು ತೂತಿನಿಂದ ಈಚೆ ಬರುತ್ತದೆ.

"ಮಾರಕ್ಕಾಗಲ್ಲ ಅಂತ ಪಕ್ಕಕ್ಕೆ ಇಟ್ಟಿದ್ದ ಪ್ಲೇಟು ಕಣ್ರೀ, ಓನರ್ರನ್ನ ಕೇಳಿ ತಂದೆ," ಎನ್ನುತ್ತಾರೆ ದ್ವಾರಕಾನಾಥ. "ಅರ್ಧ ಕೆಲಸ ಮಾಡುತ್ತೆ. ಬ್ಯಾಟರಿಯೂ ಇಟ್ಟಿದ್ದೆ, ವಾರದಲ್ಲಿ ಯಾರೋ ಹೊತ್ಕೊಂಡು ಹೋದ್ರು."

ಹಾಗಾಗಿ ಕೆಲಸ ಬಿಸಿಲಿನದೇ. ಆಕಾಶ ತಿಳಿಯಾಗಿದ್ದರೆ ಎಂಟಕ್ಕೆ ಇಳಿಯಬಹುದು, ಮೋಡವಿದ್ದರೆ ಹನ್ನೊಂದು, ಕೆಲವು ದಿನ ಇಲ್ಲವೇ ಇಲ್ಲ. ಸೂರ್ಯ ರಜಾ ಹಾಕಿದರೆ ಕೂಲಿ ಕಡಿತವಾಗುವುದು ಅಂಜಿನಮ್ಮನಿಗೆ. ಮೇಲಾಗಿ ಶೆಡ್ಡಿನವರು ಇಟ್ಟಿರುವ ಹೆಸರು 'ಏರ್‌ಕಂಡೀಷನ್ ಅಂಜಿನಮ್ಮ'. ಗಂಡ ಸತ್ತ ತೂತಿಗೇ ಏಕೆ ಇಳಿಯುತ್ತೀರಿ ಎಂದರೆ ಉತ್ತರ ಚಿಕ್ಕದು: "ಬ್ಯಾರೆಯೋರು ಕಾಯಲ್ಲ ಸಾರ್. ನಾನು ಕಾಯ್ತೀನಿ."

ಈ ತಿಂಗಳ ಕೊನೆಗೆ ಕಂಟ್ರಾಕ್ಟು ಕೈ ಬದಲಾಗುತ್ತದೆ. ಹೊಸಬರು ತಮ್ಮದೇ ಆಳುಗಳನ್ನು ತರುತ್ತಾರೆ. ಅವರಲ್ಲಿ ಲಕ್ಷ್ಮಯ್ಯ ಎಂಬವರು ಹೋದ ವಾರ ಬೆಳಿಗ್ಗೆಯೇ ದೋಣಿ ನೋಡಲು ಬಂದು, ಮುಚ್ಚಳ ತೆಗೆದು, ಒಂದು ಕಾಲು ಒಳಗೆ ಇಳಿಸಿಯೂ ಬಿಟ್ಟಿದ್ದರು. ಅಂಜಿನಮ್ಮ ಅವರ ತೋಳು ಹಿಡಿದುಕೊಂಡರು.

"ಯಾಕಕ್ಕಾ, ಒಳಗೆ ಗಂಡನ್ನ ಬಚ್ಚಿಟ್ಟಿದ್ಯಾ?" ಎಂದು ಲಕ್ಷ್ಮಯ್ಯ ನಕ್ಕರು.

"ಊಂ ಕಣಪ್ಪ. ಮೂರು ವರ್ಸ ಆತು. ಇಲ್ಲೇ ಇಳ್ದ."

ಲಕ್ಷ್ಮಯ್ಯ ಮೆಲ್ಲಗೆ ಕಾಲು ಈಚೆ ತೆಗೆದರಂತೆ. ಆದರೆ ಎಲ್ಲರ ತೋಳು ಹಿಡಿಯಲು ಮುಂದಿನ ತಿಂಗಳು ಅಂಜಿನಮ್ಮ ಇರುವುದಿಲ್ಲ. ಹೊಸಬರಿಗೆ ಒಪ್ಪಿಸುವ ಪಟ್ಟಿಯಲ್ಲಿ ದೋಣಿ ಇದೆ, ಹುಟ್ಟು ಇದೆ, ಫ್ಯಾನು ಇಲ್ಲ. "ಲಿಸ್ಟಲ್ಲಿಲ್ದಿರೋದನ್ನ ಬಿಚ್ಚಿಡಬೇಕು, ರೂಲ್ಸು," ಎನ್ನುತ್ತಾರೆ ಹನುಮಂತರಾಯಪ್ಪ. ಈ ಸಲ ಕೆಮ್ಮು ಬರುವುದಿಲ್ಲ, ಮುಖ ಮಾತ್ರ ಆ ಕಡೆ ತಿರುಗುತ್ತದೆ.

ಹತ್ತಕ್ಕೆ ಮೋಡ ತುಸು ತೆಳುವಾಗುತ್ತದೆ. ಫ್ಯಾನು ಒಮ್ಮೆ ನಡುಗಿ ತಿರುಗತೊಡಗುತ್ತದೆ. ಅಂಜಿನಮ್ಮ ಎರಡು ಸಲ ಎಲೆಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ಕಾಯುತ್ತಾರೆ. ಸೆರಗಿನಿಂದ ಕಿತ್ತ ನೂಲನ್ನು ತೂತಿನ ಮೇಲೆ ಹಿಡಿಯುತ್ತಾರೆ. ನೂಲು ಮೇಲಕ್ಕೆ ಹಾರಿದ ಮೇಲೆಯೇ ಇಳಿಯುತ್ತಾರೆ. ಆಮೇಲೆ ಕೇಳುವುದು ಡಬ್ಬ ಕಬ್ಬಿಣಕ್ಕೆ ಬಡಿಯುವ ಸದ್ದು. ಸದ್ದು ನಿಂತಾಗಲೆಲ್ಲ ಹನುಮಂತರಾಯಪ್ಪ ತೂತಿನ ಕಡೆ ನೋಡುತ್ತಾರೆ.

ಮೇಲೆ ಬಂದ ಮೇಲೆ, ಹೊಸ ಕಂಟ್ರಾಕ್ಟರನ್ನು ಏನು ಕೇಳುತ್ತೀರಿ ಎಂದರೆ ಅಂಜಿನಮ್ಮ ಕೆಲಸದ ಮಾತೆತ್ತುವುದಿಲ್ಲ.

"ಫ್ಯಾನು ಬಿಚ್ಚಬ್ಯಾಡ್ರಿ ಅಂತೀನಿ. ತೂತಿನ್ ಪಕ್ಕ, ಇದು ತಿರುಗೋಗಂಟ ಇಳೀಬ್ಯಾಡಿ ಅಂತ ದೊಡ್ಡದಾಗಿ ಬರೀಬೇಕು. ನಂಗೆ ಓದಕ್ ಬರಲ್ಲ. ನನ್ನಿಂದೆ ಬರೋರಿಗೆ ಬತ್ತದೋ ಏನೋ."

"ಅದಕ್ಕೆಲ್ಲ ಸ್ಯಾಂಕ್ಷನ್ ಇಲ್ಲಮ್ಮ," ಎಂದು ಹನುಮಂತರಾಯಪ್ಪ ದಡದಿಂದ ಹೇಳುತ್ತಾರೆ.

"ಬಣ್ಣ ನಾನ್ ತತ್ತೀನಿ ಸಾರ್," ಎನ್ನುತ್ತಾರೆ ಅಂಜಿನಮ್ಮ. "ಅಕ್ಸರ ಯಾರಾನ ಬರ್ಕೊಡಿ."